ಎಲೆ ಉದುರಿದ ಲಾರ್ಚ್ ಸತ್ತಿಲ್ಲ, ಆದರೆ ಬೀದರ್ ಬೇಸಿಗೆ ತಡೆಯುತ್ತಾ?

ಪ್ರಶ್ನೆ: ಸರ್, ನಮ್ಮದು ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕು. ನನ್ನ ತಮ್ಮ ಮಿಲಿಟರಿಯಲ್ಲಿದ್ದಾನೆ, ಈಗ ಉತ್ತರ ಸಿಕ್ಕಿಂನಲ್ಲಿ ಡ್ಯೂಟಿ. ಹೋದ ಜುಲೈನಲ್ಲಿ ರಜೆಗೆ ಬರುವಾಗ ಅಲ್ಲಿನ ನರ್ಸರಿಯಿಂದ ಲಾರ್ಚ್ ಅನ್ನುವ, ಚಳಿ ಬೆಟ್ಟದ ಸೂಜಿ ಎಲೆಯ ಮರದ ಒಂದೂವರೆ ಅಡಿ ಎತ್ತರದ ಸಸಿ ತಂದ. ಅಂಗಳದಲ್ಲಿ ತುಳಸಿ ಕಟ್ಟೆಯ ಹತ್ತಿರ ಹಚ್ಚಿದೆವು. ನಮ್ಮದು ಎರೆಮಣ್ಣು. ದೀಪಾವಳಿ ಆದ ಮೇಲೆ ಸೂಜಿಯಂಥ ಎಲೆಗಳು ಹಳದಿಯಾದವು. ಡಿಸೆಂಬರ್ ಮುಗಿಯುವುದರೊಳಗೆ ಎಲ್ಲ ಉದುರಿ ಬರೀ ಕಡ್ಡಿ ಉಳಿದಿದೆ. ಓಣಿಯವರು ಸತ್ತಿದೆ, ಕಿತ್ತು ಹಾಕಿ ಅಂತಾರೆ. ನಮ್ಮ ಅವ್ವ, ಎಲೆ ಇಲ್ಲದ ಗಿಡ ಅಂಗಳದಲ್ಲಿ ಇರಬಾರದು ಅಂತಾಳೆ. ಒಬ್ಬರು ಯೂರಿಯಾ ಹಾಕು ಅಂದರು, ಇನ್ನೊಬ್ಬರು ಬುಡಕ್ಕೆ ಐಸ್ ಹಾಕು ಅಂದರು. ಎಂಟನೇ ಕ್ಲಾಸಿನ ಮಗಳು ದಿನಾ ಒಂದು ಕೊಡ ನೀರು ಹಾಕುತ್ತಾಳೆ. ಈ ನಡುವೆ ಏಜೆಂಟ್ ಒಬ್ಬ ಬಂದು, ಹಿಮಾಲಯದ ಇದೇ ಜಾತಿಯ ಸಸಿ ಒಂದಕ್ಕೆ 350 ರೂಪಾಯಿಯಂತೆ ಕೊಡುತ್ತೇನೆ, ಬದುವಿಗೆ ಹಚ್ಚಿ, ಇದರ ಕಟ್ಟಿಗೆ ಸಾವಿರ ವರ್ಷ ಕೊಳೆಯಲ್ಲ ಅಂದ. ಗಿಡ ಬದುಕಿದೆಯಾ? ಉಳಿಸುವುದು ಹೇಗೆ? ಬದುವಿಗೆ ಹಚ್ಚಬಹುದಾ? ತಮ್ಮ ಫೆಬ್ರುವರಿಯಲ್ಲಿ ಮದುವೆಗೆ ಬರುವವನಿದ್ದಾನೆ. ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ಮೂರು ಮಾತು ಹೇಳಿಬಿಡುತ್ತೇನೆ. ಗಿಡ ಕೀಳಬೇಡಿ. ದಿನಾ ನೀರು ಹಾಕುವುದನ್ನು ಇವತ್ತೇ ನಿಲ್ಲಿಸಿ. ಏಜೆಂಟ್‌ಗೆ ಒಂದು ರೂಪಾಯಿಯೂ ಮುಂಗಡ ಕೊಡಬೇಡಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನೀವು ಕಳಿಸಿದ ಫೋಟೊಗಳಲ್ಲಿ ಎರಡನೆಯದು ಬಹಳ ಉಪಯೋಗಕ್ಕೆ ಬಂತು. ಕಡ್ಡಿಯ ಉದ್ದಕ್ಕೂ ಸಣ್ಣ ಸಣ್ಣ ಗುಬುಟುಗಳಿವೆ ನೋಡಿ, ಸಾಸಿವೆಗಿಂತ ಸ್ವಲ್ಪ ದೊಡ್ಡವು, ಕಂದು ಬಣ್ಣ. ಲಾರ್ಚ್‌ನ ಗುರುತೇ ಅದು. ಆ ವರ್ಷ ಬೆಳೆದ ಹೊಸ ಕಡ್ಡಿಯ ಮೇಲೆ ಎಲೆಗಳು ಒಂದೊಂದಾಗಿ ಇರುತ್ತವೆ. ಹಳೆ ಕಡ್ಡಿಯ ಮೇಲೆ ಈ ಗುಬುಟುಗಳಿಂದ ಗೊಂಚಲಾಗಿ, ಒಂದೊಂದರಲ್ಲಿ ಇಪ್ಪತ್ತು ಮೂವತ್ತು ಎಲೆ ಬರುತ್ತವೆ. ದೇವದಾರುವಿಗೂ ಹೀಗೇ ಗೊಂಚಲು ಇರುತ್ತದೆ. ಆದರೆ ಅದರ ಎಲೆ ಬಿರುಸು, ಬೆರಳಿಗೆ ಚುಚ್ಚುತ್ತದೆ, ಚಳಿಗಾಲದಲ್ಲಿ ಉದುರುವುದಿಲ್ಲ. ಲಾರ್ಚ್ ಎಲೆ ಮೆತ್ತಗೆ. ಸವರಿದರೆ ಹಸಿ ಹುಲ್ಲು ಮುಟ್ಟಿದ ಹಾಗೆ ಇರುತ್ತದೆ. ನಿಮ್ಮ ತಮ್ಮ ತಂದದ್ದು ಲಾರ್ಚೇ, ಅದರಲ್ಲಿ ಅನುಮಾನ ಬೇಡ. ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವುದು ಲಾರಿಕ್ಸ್ ಗ್ರಿಫಿಥಿ ಅನ್ನುವ ಪೂರ್ವ ಹಿಮಾಲಯದ ಜಾತಿ. ಸಿಕ್ಕಿಂನ ಲಾಚೆನ್, ಲಾಚುಂಗ್ ಕಣಿವೆಗಳಲ್ಲಿದೆ. ಸಾಮಾನ್ಯವಾಗಿ 3000 ಮೀಟರ್‌ನಿಂದ 4000 ಮೀಟರ್ ಎತ್ತರದಲ್ಲಿ ಸಿಗುತ್ತದೆ. ನಿಮ್ಮ ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ ಅಷ್ಟೇ. ಈ ಅಂತರ ನೆನಪಿರಲಿ.

ಈಗ ಬದುಕಿದೆಯೋ ಇಲ್ಲವೋ ನೀವೇ ನೋಡಿಕೊಳ್ಳಬಹುದು. ತುದಿಯ ಕಡ್ಡಿಯನ್ನು ಮೆಲ್ಲಗೆ ಬಾಗಿಸಿ. ಬಳುಕಿ ವಾಪಸ್ ಬಂದರೆ ಜೀವ ಇದೆ. ಪಟಕ್ಕನೆ ಮುರಿದರೆ ಆ ಕಡ್ಡಿ ಒಣಗಿದೆ. ಆಮೇಲೆ ಉಗುರಿನಿಂದ ತೊಗಟೆಯನ್ನು ಒಂದು ಅಕ್ಕಿಕಾಳಿನಷ್ಟು ಕೆರೆಯಿರಿ. ಒಳಗೆ ಹಸಿಯಾದ ಹಸಿರು ಗೆರೆ ಕಂಡರೆ, ಕೆರೆದ ಜಾಗದಿಂದ ಸ್ವಲ್ಪ ರಾಳದ ವಾಸನೆ ಬಂದರೆ, ಅದು ನಿದ್ದೆಯಲ್ಲಿದೆ ಅಷ್ಟೆ. ಕಂದು ಬಣ್ಣ, ಒಣ ಪುಡಿ ಕಂಡರೆ ಇನ್ನೂ ಕೆಳಗೆ ಕೆರೆದು ನೋಡಿ. ಎಷ್ಟೋ ಸಲ ತುದಿ ಒಣಗಿದ್ದರೂ ಬುಡ ಹಸಿರಾಗಿರುತ್ತದೆ. ಒಂದೇ ಕಡೆ ನೋಡಿ ತೀರ್ಮಾನ ಮಾಡಬೇಡಿ. ಹಾಗಂತ ದಿನಾ ಕೆರೆಯಲೂ ಬೇಡಿ.

ಎಲೆ ಉದುರಿದ ರೀತಿಯೂ ಒಂದು ಸುಳಿವು. ನೀವು ಬರೆದಿರುವ ಪ್ರಕಾರ ಎಲ್ಲ ಎಲೆ ಒಟ್ಟಿಗೆ ಹಳದಿಯಾಗಿ, ಆಮೇಲೆ ಉದುರಿವೆ. ಸಾಯುವ ಗಿಡ ಹಾಗೆ ಮಾಡುವುದಿಲ್ಲ. ಬೇರು ಕೊಳೆತೋ ನೀರಿಲ್ಲದೆಯೋ ಸತ್ತ ಗಿಡದಲ್ಲಿ ಎಲೆ ಕಂದಾಗಿ ಸುರುಟಿ, ಕಡ್ಡಿಗೇ ಅಂಟಿಕೊಂಡು ಒಣಗುತ್ತದೆ. ಎಲೆಯನ್ನು ಕಳಚುವುದೂ ಗಿಡ ತಾನೇ ಮಾಡುವ ಕೆಲಸ. ಜೀವ ಇದ್ದರೆ ಮಾತ್ರ ಆಗುವಂಥದ್ದು. ಕಳಚುವ ಮೊದಲು ಲಾರ್ಚ್ ಎಲೆಯಲ್ಲಿದ್ದ ಸಾರಜನಕದ ದೊಡ್ಡ ಪಾಲನ್ನು ಒಳಗೆ ಎಳೆದುಕೊಂಡು ಕಡ್ಡಿಯಲ್ಲಿ, ಬೇರಿನಲ್ಲಿ ಕೂಡಿಡುತ್ತದೆ. ಹಸಿರು ಬಣ್ಣ ಒಡೆದು ಹೋದಾಗ ಮೊದಲಿಂದಲೂ ಎಲೆಯಲ್ಲಿದ್ದ ಹಳದಿ ಎದ್ದು ಕಾಣುತ್ತದೆ. ಬೆಟ್ಟದ ಮೇಲೆ ಇಡೀ ಇಳಿಜಾರು ಬಂಗಾರದ ಬಣ್ಣಕ್ಕೆ ತಿರುಗುವ ಕಾಲ ಅದು. ನಿಮ್ಮ ತಮ್ಮ ಅದನ್ನು ಕಣ್ಣಾರೆ ನೋಡಿಯೇ ಈ ಸಸಿ ತಂದಿರಬೇಕು ಅಂತ ನನಗೆ ಅನಿಸುತ್ತದೆ.

ಸೂಜಿ ಎಲೆಯ ಮರ ಅಂದರೆ ವರ್ಷವಿಡೀ ಹಸಿರು ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಪೈನ್, ದೇವದಾರು, ನಮ್ಮ ಊರುಗಳಲ್ಲಿ ಕ್ರಿಸ್ಮಸ್ ಗಿಡ ಅಂತ ಮಾರುವ ಅರಕೇರಿಯಾ, ಇವೆಲ್ಲ ಹಾಗೆಯೇ ಇರುವುದರಿಂದ ಆ ನಂಬಿಕೆ ಬಂದಿದೆ. ಆ ಗುಂಪಿನಲ್ಲಿ ಎಲೆ ಪೂರ್ತಿ ಉದುರಿಸುವ ಮರಗಳು ಕಡಿಮೆ. ಅವುಗಳಲ್ಲಿ ಲಾರ್ಚ್ ಮುಖ್ಯವಾದದ್ದು. ಒಂದು ವಿಷಯ ನರ್ಸರಿಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಬೀಜದಿಂದ ಹುಟ್ಟಿದ ಲಾರ್ಚ್ ಸಸಿ ತನ್ನ ಮೊದಲ ಚಳಿಗಾಲದಲ್ಲಿ ಎಲೆ ಉಳಿಸಿಕೊಳ್ಳುವುದುಂಟು. ಅದನ್ನು ನೋಡಿ ಇದು ನಿತ್ಯ ಹಸಿರು ಅಂತ ಹೇಳಿ ಮಾರಿಬಿಡುತ್ತಾರೆ. ಮುಂದಿನ ವರ್ಷ ಎಲೆ ಉದುರಿದಾಗ ಕೊಂಡವರಿಗೆ ಗಾಬರಿ.

ನಿಮ್ಮ ಅವ್ವನ ಮಾತಿಗೂ ಉತ್ತರ ಕೊಡಬೇಕು, ಅವರ ಆತಂಕ ಸುಳ್ಳಲ್ಲ. ಅವರಿಗೆ ಹೀಗೆ ಹೇಳಿ ನೋಡಿ. ಚಿಂಚೋಳಿ ಕಡೆ, ಕುಂಚಾವರಂ ಕಾಡಿಗೆ ಮಾರ್ಚ್‌ನಲ್ಲಿ ಹೋದರೆ ಸಾಗುವಾನಿ ಮರಗಳು ಬೋಳಾಗಿ ನಿಂತಿರುತ್ತವೆ. ಮುತ್ತುಗದ ಮರದಲ್ಲಿ ಒಂದು ಎಲೆ ಇಲ್ಲದಿದ್ದರೂ ಮೈತುಂಬ ಕೆಂಪು ಹೂ. ದೇವರಿಗೆ ಏರಿಸುವ ಬಿಲ್ವಪತ್ರೆಯ ಮರವೂ ಬೇಸಿಗೆ ಹೊತ್ತಿಗೆ ಎಲೆ ಉದುರಿಸಿ ಚಿಗುರುತ್ತದೆ. ಯುಗಾದಿಯ ಚಿಗುರು ಬರುವುದೇ ಹಳೆ ಎಲೆ ಹೋದ ಮೇಲೆ. ಇವನ್ನು ಯಾರೂ ಅಪಶಕುನ ಅನ್ನುವುದಿಲ್ಲ ಅಲ್ವಾ? ನಮ್ಮ ಮರಗಳು ಬೇಸಿಗೆಯಲ್ಲಿ ನೆಲದಲ್ಲಿ ನೀರಿಲ್ಲ ಅಂತ ಎಲೆ ಬಿಡುತ್ತವೆ. ಲಾರ್ಚ್ ಚಳಿಗಾಲದಲ್ಲಿ ನೆಲದ ನೀರು ಹೆಪ್ಪುಗಟ್ಟುತ್ತದೆ ಅಂತ ಎಲೆ ಬಿಡುತ್ತದೆ. ಬೇರಿಗೆ ನೀರು ಸಿಗದ ಕಾಲದಲ್ಲಿ ಎಲೆ ಇಟ್ಟುಕೊಂಡರೆ ಗಾಳಿ, ಬಿಸಿಲಿಗೆ ಮೈಯಲ್ಲಿದ್ದ ತೇವವೂ ಹೋಗುತ್ತದೆ. ಎರಡೂ ಕಡೆ ಕಾರಣ ಒಂದೇ, ಕಾಲ ಮಾತ್ರ ಬೇರೆ.

ಇಲ್ಲಿಂದಲೇ ನೀರಿನ ವಿಷಯ ಬರುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಆದದ್ದು ಆ ದಿನದ ಒಂದು ಕೊಡ ನೀರು. ಎಲೆ ಇಲ್ಲದ ಗಿಡ ನೀರು ಕುಡಿಯುವುದು ತೀರಾ ಕಡಿಮೆ. ಎರೆಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತು ಗಾಳಿ ಆಡುವುದಿಲ್ಲ. ಬೇರಿಗೂ ಉಸಿರಾಟ ಬೇಕು. ಗಾಳಿ ಇಲ್ಲದೆ ಅದು ಕಪ್ಪಾಗಿ ಕೊಳೆಯುತ್ತದೆ. ನಾನು ನೋಡಿದ ಹಾಗೆ ಚಳಿಗಾಲದಲ್ಲಿ ಎಲೆ ಉದುರಿಸಿದ ಗಿಡಗಳನ್ನು ಜನ ಜಾಸ್ತಿ ಕೊಂದಿರುವುದು ಪ್ರೀತಿಯಿಂದ ಹಾಕಿದ ನೀರಿನಿಂದಲೇ. ಮಗಳಿಗೆ ಬೈಯಬೇಡಿ. ಬೆರಳನ್ನು ಎರಡು ಗೆಣ್ಣು ಆಳಕ್ಕೆ ಮಣ್ಣಿಗೆ ತೂರಿಸಿ ನೋಡುವುದನ್ನು ಹೇಳಿಕೊಡಿ. ಅಲ್ಲಿಯವರೆಗೂ ಒಣಗಿದ್ದರೆ ಒಂದು ತಂಬಿಗೆ ನೀರು. ಹಸಿ ಇದ್ದರೆ ಆ ದಿನ ನೀರು ಬೇಡ. ಯೂರಿಯಾ, ಡಿಎಪಿ ಯಾವುದೂ ಈಗ ಬೇಡ. ಗೊಬ್ಬರ ಬಳಸಿಕೊಳ್ಳಲು ಎಲೆಯೇ ಇಲ್ಲ. ಆ ಉಪ್ಪಿನಂಶ ಬೇರನ್ನು ಸುಡುತ್ತದೆ, ಅಷ್ಟೇ ಲಾಭ.

ಇನ್ನು ಕಷ್ಟದ ಭಾಗ. ಈ ಮರ ಬಹಳ ಗಟ್ಟಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಿಜ. ಸೈಬೀರಿಯಾದ ಒಯ್ಮಿಯಾಕೊನ್‌ನಲ್ಲಿ 1933 ರಲ್ಲಿ ಸೊನ್ನೆಗಿಂತ 67 ಡಿಗ್ರಿಗೂ ಕೆಳಗಿನ ಚಳಿ ದಾಖಲಾಗಿದೆ. ಆ ಊರಿನ ಸುತ್ತ ಇರುವ ಕಾಡು ಲಾರ್ಚ್ ಕಾಡು. ಭೂಮಿಯ ಮೇಲೆ ಉತ್ತರದ ತುದಿಯಲ್ಲಿ ಬೆಳೆಯುವ ಮರವೂ ಲಾರ್ಚೇ. ರಷ್ಯಾದ ತೈಮಿರ್ ಪ್ರದೇಶದಲ್ಲಿ 72 ಡಿಗ್ರಿ ಅಕ್ಷಾಂಶ ದಾಟಿದ ಮೇಲೂ ಅದು ಇದೆ. ಯೂರೋಪಿನ ಆಲ್ಪ್ಸ್‌ನಲ್ಲಿ ಬೇರೆ ಬಹುಪಾಲು ಮರಗಳು ನಿಲ್ಲದ ಎತ್ತರದಲ್ಲಿ ನಿಲ್ಲುತ್ತದೆ. ಆದರೆ ಅದು ಗಟ್ಟಿಯಾಗಿರುವುದು ಚಳಿಗೆ. ಬಿಸಿಲಿಗೆ ಗಟ್ಟಿ ಅಂತ ಅರ್ಥವಲ್ಲ. ಅದರ ಮೈಯ ಎಲ್ಲ ಏರ್ಪಾಡೂ ಸಣ್ಣ, ತಂಪಾದ ಬೇಸಿಗೆಗಾಗಿ ಇದೆ. ಪ್ರತಿ ವರ್ಷ ಹೊಸ ಎಲೆ ಹಾಕುವುದರಿಂದ ಎಲೆ ತೆಳ್ಳಗೆ, ಮೇಲಿನ ಮೇಣದ ಪದರವೂ ಕಡಿಮೆ. ಕೆಲವೇ ತಿಂಗಳಲ್ಲಿ ಬೇಗ ಬೇಗ ಆಹಾರ ಮಾಡಿಕೊಂಡು ಉದುರಿಬಿಡಲು ಅದು ಸರಿ. ಬೀದರ್‌ನ ಏಪ್ರಿಲ್ ಗಾಳಿಗೆ ಅಂಥ ಎಲೆ ತುದಿಯಿಂದ ಸುಟ್ಟುಕೊಂಡು ಬರುತ್ತದೆ.

ಅದಕ್ಕೂ ಮೊದಲು ಅದು ಎಚ್ಚರಾಗಬೇಕು. ಲಾರ್ಚ್‌ನಂಥ ಮರಗಳ ಮೊಗ್ಗಿಗೆ ನಿದ್ದೆ ಬರಲು ಹಗಲು ಚಿಕ್ಕದಾದರೆ, ಚಳಿ ಸ್ವಲ್ಪ ಏರಿದರೆ ಸಾಕು. ನಿದ್ದೆ ಮುಗಿಯಲು ಮಾತ್ರ ಸೊನ್ನೆಯಿಂದ ಏಳೆಂಟು ಡಿಗ್ರಿ ಒಳಗಿನ ಚಳಿ ವಾರಗಟ್ಟಲೆ ಸಿಗಬೇಕು. ಅದು ಸಿಗದಿದ್ದರೆ ವಸಂತದಲ್ಲಿ ಮೊಗ್ಗು ಒಡೆಯುವುದು ತಡವಾಗುತ್ತದೆ. ಒಂದು ಕೊಂಬೆ ಚಿಗುರಿದರೆ ಇನ್ನೊಂದು ಹಾಗೇ ಕೂತಿರುತ್ತದೆ. ಸೇಬಿನ ಗಿಡ ತಂದು ಹಚ್ಚಿದವರಿಗೆ ಇದು ಗೊತ್ತು. ನಿಮ್ಮಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ಬೀದರ್ ಚಳಿಗೆ ಹೆಸರಾದದ್ದೇ. ಆದರೆ ಅದೇ ದಿನ ಮಧ್ಯಾಹ್ನ 28, 29 ಡಿಗ್ರಿ ಇರುತ್ತದೆ. ರಾತ್ರಿ ಸಿಕ್ಕ ಸ್ವಲ್ಪ ಚಳಿಯ ಪರಿಣಾಮ ಹಗಲಿನ ಬಿಸಿಗೆ ಬಹುಪಾಲು ಅಳಿಸಿಹೋಗುತ್ತದೆ.

ಹಾಗಾದರೆ ಐಸ್? ಬುಡಕ್ಕೆ ಐಸ್ ಸುರಿಯುವುದರಿಂದ ಏನೂ ಆಗುವುದಿಲ್ಲ. ಚಳಿಯ ಲೆಕ್ಕ ಇಡುವುದು ಬೇರಲ್ಲ, ಮೊಗ್ಗು. ಇದನ್ನು ಅಮೆರಿಕದ ಕೃಷಿ ಇಲಾಖೆಯ ಫ್ರೆಡರಿಕ್ ಕೊವಿಲ್ 1920 ರಲ್ಲೇ ಚೆನ್ನಾಗಿ ತೋರಿಸಿಕೊಟ್ಟರು. ಬೆಚ್ಚಗಿನ ಗಾಜಿನ ಮನೆಯಲ್ಲಿ ಬ್ಲೂಬೆರಿ ಗಿಡ ಇಟ್ಟು, ಅದರ ಒಂದು ಕೊಂಬೆಯನ್ನು ಮಾತ್ರ ಹೊರಗಿನ ಚಳಿಗೆ ಚಾಚಿಸಿದರು. ವಸಂತದಲ್ಲಿ ಹೊರಗಿದ್ದ ಕೊಂಬೆ ಚಿಗುರಿತು. ಒಳಗೆ ಬೆಚ್ಚಗಿದ್ದ ಕೊಂಬೆಗಳು ಹಾಗೇ ಮಲಗಿದ್ದವು. ಬೇರು ಒಂದೇ, ಗಿಡ ಒಂದೇ. ಆದ್ದರಿಂದ ಐಸ್ ಕರಗಿದ ನೀರು ನಿಮ್ಮ ಎರೆಮಣ್ಣನ್ನು ಇನ್ನಷ್ಟು ಹಸಿ ಮಾಡುತ್ತದೆ, ಅಷ್ಟೇ.

ಮುಂದೆ ಏಪ್ರಿಲ್, ಮೇ. ಬೀದರ್‌ನಲ್ಲಿ 40 ಡಿಗ್ರಿ, ಕಲಬುರಗಿ, ಯಾದಗಿರಿ ಕಡೆ 42, 43 ದಾಟುವ ದಿನಗಳೂ ಇರುತ್ತವೆ. ಬಿಸಿ ಏರಿದ ಹಾಗೆ ಗಿಡದ ಉಸಿರಾಟ ಜೋರಾಗುತ್ತದೆ, ಕೂಡಿಟ್ಟ ಸಕ್ಕರೆ ಖರ್ಚಾಗುತ್ತದೆ. ಎಲೆಯಲ್ಲಿ ಆಹಾರ ತಯಾರಾಗುವುದು ಮಾತ್ರ ಕಡಿಮೆಯಾಗುತ್ತದೆ. ರಾತ್ರಿಯೂ ಸೆಕೆ ಇದ್ದರೆ ಖರ್ಚು ನಿಲ್ಲುವುದೇ ಇಲ್ಲ. ದುಡಿಮೆ ನಿಂತ ಮನೆ ಇದ್ದ ಗಂಟು ಕರಗಿಸಿ ಬದುಕಿದ ಹಾಗೆ ಇದು. ಒಂದು ವರ್ಷ ನಡೆಯುತ್ತದೆ, ಎರಡನೇ ವರ್ಷವೂ ಹೇಗೋ ಎಳೆಯುತ್ತದೆ. ಪ್ರತಿ ಸಲ ಚಿಗುರು ಇನ್ನಷ್ಟು ಬಡವಾಗುತ್ತದೆ. ಹೀಗಾಗಿಯೇ ಇಂಥ ಗಿಡಗಳು ತಂದ ಕೂಡಲೇ ಸಾಯುವುದಿಲ್ಲ. ನಮ್ಮಲ್ಲಿಗೆ ಒಗ್ಗಿದೆ ಅಂತ ಮನೆಯವರು ಸಂತೋಷಪಡುವ ಹೊತ್ತಿಗೆ ಕೈ ಬಿಡುತ್ತವೆ. ಮಣ್ಣಿನ ತೊಂದರೆ ಬೇರೆ ಇದೆ. ನಿಮ್ಮ ಎರೆಮಣ್ಣಿನಲ್ಲಿ ಸುಣ್ಣದಂಶ ಜಾಸ್ತಿ, ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಬಿರುಕು. ಬಿರುಕು ಬಿಡುವಾಗ ಎಳೆ ಬೇರುಗಳು ಹರಿದುಹೋಗುತ್ತವೆ. ಲಾರ್ಚ್ ಬೇರು ತನ್ನ ನೆಲದಲ್ಲಿ ಕೆಲವು ಜಾತಿಯ ಅಣಬೆಗಳ ಜೊತೆ ಕೂಡಿ ಬಾಳುತ್ತದೆ. ಮಣ್ಣಿನಿಂದ ನೀರು, ರಂಜಕ ಎಳೆದುಕೊಡುವುದು ಆ ಅಣಬೆಯ ಎಳೆಗಳು. ಅವೂ ಈ ಮಣ್ಣಿನಲ್ಲಿ ಇಲ್ಲ.

ಹಾಗಾಗಿ ನೇರವಾಗಿ ಹೇಳುತ್ತೇನೆ. ಈಗ ಗಿಡ ಬದುಕಿರುವ ಸಾಧ್ಯತೆ ಚೆನ್ನಾಗಿದೆ. ಭಾಲ್ಕಿಯ ಅಂಗಳದಲ್ಲಿ ಅದು ಮರವಾಗುವುದಿಲ್ಲ. ಇಷ್ಟು ಪ್ರೀತಿಯಿಂದ ತಂದದ್ದಕ್ಕೆ ಈ ಮಾತು ಬರೆಯಲು ನನಗೂ ಬೇಸರ. ಆದರೆ ಸುಮ್ನೆ ಆಸೆ ಹುಟ್ಟಿಸಿದರೆ ನಿಮ್ಮ ಮಗಳು ಮೇ ತಿಂಗಳಿಡೀ ಒಣಗುವ ಗಿಡ ನೋಡುತ್ತಾ ಕೂರಬೇಕಾಗುತ್ತದೆ.

ನನ್ನನ್ನು ಕೇಳಿದರೆ ಒಳ್ಳೆಯ ದಾರಿ, ತಮ್ಮನ ಕೈಯಲ್ಲೇ ವಾಪಸ್ ಕಳಿಸುವುದು. ಫೆಬ್ರುವರಿ ಅದಕ್ಕೆ ಹೇಳಿ ಮಾಡಿಸಿದ ಕಾಲ. ಎಲೆ ಇಲ್ಲದ, ಮೊಗ್ಗು ಒಡೆಯದ ಗಿಡ ಪ್ರಯಾಣ ತಡೆಯುತ್ತದೆ. ಹೊರಡುವ ಹಿಂದಿನ ಸಂಜೆ ಬುಡದಿಂದ ಒಂದು ಅಡಿ ದೂರ ಸುತ್ತಲೂ ಅಗೆದು ಮಣ್ಣುಂಡೆ ಸಮೇತ ಎತ್ತಿ. ಬಕೆಟ್ ನೀರಿನಲ್ಲಿ ಅದ್ದಿ ಅದ್ದಿ ಮಣ್ಣೆಲ್ಲ ಬಿಡಿಸಿ. ಕಪ್ಪಾಗಿ ಮೆತ್ತಗಾದ ಬೇರಿದ್ದರೆ ಚೂಪಾದ ಕತ್ತರಿಯಿಂದ ತೆಗೆಯಿರಿ. ಬಿಳಿ, ತಿಳಿಕಂದು ಬೇರು ಒಳ್ಳೆಯವು. ಹಿಂಡಿದ ತೆಂಗಿನ ನಾರಿನ ಪುಡಿಯಲ್ಲೋ ಒದ್ದೆ ಗೋಣಿಚೀಲದಲ್ಲೋ ಬೇರು ಸುತ್ತಿ, ಹೊರಗೆ ಪ್ಲಾಸ್ಟಿಕ್ ಕಟ್ಟಿ. ಕಡ್ಡಿ ಹೊರಗೆ ಗಾಳಿಗಿರಲಿ. ನಾಲ್ಕೈದು ದಿನ ಏನೂ ಆಗುವುದಿಲ್ಲ. ರೈಲಿನಲ್ಲಿ ಕಿಟಕಿ ಬಿಸಿಲಿಗೆ ಇಡಬಾರದು ಅಷ್ಟೇ.

ಇದರಲ್ಲಿ ಎರಡು ಅಪಾಯ ಇವೆ. ಒಂದು, ನಮ್ಮ ಮಣ್ಣಿನ ಹುಳು, ರೋಗ ಬೆಟ್ಟಕ್ಕೆ ಹೋಗುವುದು. ಬೇರನ್ನು ಪೂರ್ತಿ ತೊಳೆಯಿರಿ ಅಂದದ್ದು ಅದಕ್ಕೇ. ತೊಳೆದರೂ ಅದನ್ನು ಕಾಡಿನಲ್ಲಿ ನೆಡಬಾರದು. ಕುಂಡದಲ್ಲೋ ವಸತಿಯ ಕೈತೋಟದಲ್ಲೋ ಇರಲಿ. ಬ್ರಿಟನ್ನಿನಲ್ಲಿ 2009 ರಲ್ಲಿ ಫೈಟೊಫ್ತೊರಾ ರಾಮೊರಂ ಅನ್ನುವ ರೋಗ ಜಪಾನಿ ಲಾರ್ಚ್ ತೋಪುಗಳಿಗೆ ತಗುಲಿ, ಅದನ್ನು ತಡೆಯಲು ಲಕ್ಷಗಟ್ಟಲೆ ಮರ ಕಡಿಯಬೇಕಾಯಿತು. ಆ ರೋಗದ ಗುಂಪಿನ ಬೇರೆ ಜಾತಿಗಳು ನಮ್ಮ ತೋಟಗಳಲ್ಲೂ ಬೇರು ಕೊಳೆಸುತ್ತವೆ. ಎರಡನೆಯದು, ಬೆಚ್ಚಗೆ ಇದ್ದ ಗಿಡಕ್ಕೆ ಒಮ್ಮೆಲೇ ಹಿಮದ ಚಳಿ. ಲಾಚೆನ್‌ನಲ್ಲಿ ಫೆಬ್ರುವರಿ ಅಂದರೆ ಹಿಮ. ಆ ಚಳಿ ತಡೆಯುವ ಶಕ್ತಿ ಗಿಡಕ್ಕೆ ಬರುವುದು ಅಕ್ಟೋಬರ್‌ನಿಂದ ಹಂತ ಹಂತವಾಗಿ ಚಳಿ ಸಿಕ್ಕಾಗ. ನಿಮ್ಮ ಗಿಡಕ್ಕೆ ಆ ಅಭ್ಯಾಸ ಈ ವರ್ಷ ಆಗಿಲ್ಲ. ಹಾಗಾಗಿ ಮೊದಲು ಕುಂಡಕ್ಕೆ ಹಾಕಿ, ಹಿಮ ಬೀಳದ, ಹೀಟರ್ ಇಲ್ಲದ ಶೆಡ್‌ನಲ್ಲಿ ಮಾರ್ಚ್ ಕೊನೆಯವರೆಗೆ ಇಟ್ಟು, ಆಮೇಲೆ ಹೊರಗೆ ತರಲಿ.

ಕಳಿಸುವ ಮನಸ್ಸಿಲ್ಲ, ಇರುವಷ್ಟು ದಿನ ಇಲ್ಲೇ ಇರಲಿ ಅನ್ನುವುದಾದರೆ, ಈಗಲೇ ಎತ್ತಿ ಮಣ್ಣಿನ ಕುಂಡಕ್ಕೆ ಹಾಕಿ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು, ದಪ್ಪ ಮರಳು, ಎಲೆಗೊಬ್ಬರ ಸಮ ಸಮ ಬೆರೆಸಿ. ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬಸಿದು ಹೋಗುತ್ತದೆ, ಸುಣ್ಣವೂ ಕಡಿಮೆ. ಚಿಗುರಿದ ಮೇಲೆ ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಗೋಡೆ ಪಕ್ಕ ಇಡಿ. ಬೇಸಿಗೆಯಲ್ಲಿ ಕುಂಡದ ಸುತ್ತ ಒದ್ದೆ ಗೋಣಿ ಸುತ್ತಿದರೆ ಬೇರು ಸ್ವಲ್ಪ ತಂಪಾಗಿರುತ್ತದೆ.

ಫ್ರಿಜ್ ಬಗ್ಗೆ ನೀವು ಕೇಳಿಲ್ಲ. ಆದರೆ ಯಾರಾದರೂ ಹೇಳೇ ಹೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಬೆಚ್ಚಗಿನ ಊರುಗಳಲ್ಲಿ ಬೋನ್ಸಾಯ್ ಬೆಳೆಸುವ ಕೆಲವರು ಎಲೆ ಉದುರಿದ ಗಿಡವನ್ನು ಫ್ರಿಜ್‌ನಲ್ಲಿ ಆರೆಂಟು ವಾರ ಇಡುವುದುಂಟು. ಎಲೆ ಇಲ್ಲದ್ದರಿಂದ ಬೆಳಕು ಬೇಡ. ಕೆಲಸ ಮಾಡುತ್ತದೆ. ಆದರೆ ಒಳಗಿನ ಒಣ ಗಾಳಿಗೆ ಕಡ್ಡಿ ಒಣಗಬಹುದು, ಬೂಷ್ಟು ಬರಬಹುದು. ಹಣ್ಣಿನ ಜೊತೆ ಇಟ್ಟರೆ ಹಣ್ಣಿನಿಂದ ಬರುವ ಅನಿಲ ಮೊಗ್ಗಿಗೆ ಕೆಡುಕು. ಪದೇ ಪದೇ ಕರೆಂಟು ಹೋಗುವ ಊರಲ್ಲಿ ಚಳಿಯೂ ಒಂದೇ ಸಮ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜನವರಿ ಕೊನೆಯಲ್ಲಿ ಒಳಗಿಟ್ಟರೆ ಹೊರಗೆ ಬರುವುದು ಮಾರ್ಚ್ ಕೊನೆಗೆ. ಎಳೆ ಚಿಗುರು ನೇರವಾಗಿ ಏಪ್ರಿಲ್ ಬಿಸಿಲಿಗೆ ಕಣ್ಣು ಬಿಡುತ್ತದೆ. ಈ ವರ್ಷಕ್ಕೆ ಆ ಪ್ರಯತ್ನ ಬೇಡ ಅನ್ನುವುದು ನನ್ನ ಅಭಿಪ್ರಾಯ. ಚಳಿಯ ಕೊರತೆಯನ್ನು ಫ್ರಿಜ್ ತುಂಬಬಹುದು, ಬೇಸಿಗೆಯನ್ನು ಅದು ತಪ್ಪಿಸುವುದಿಲ್ಲ.

ಈಗ ಏಜೆಂಟ್ ವಿಷಯ. ಅವನು ಹೇಳಿದ್ದರಲ್ಲಿ ಒಂದು ತುಂಡು ನಿಜ ಇದೆ, ಅದಕ್ಕೇ ಮಾತು ನಂಬುವ ಹಾಗಿದೆ. ಲಾರ್ಚ್‌ನ ಒಳಗಿನ ಕೆಂಚು ಚೇಗು ರಾಳ ತುಂಬಿ ಗಟ್ಟಿಯಾಗಿರುತ್ತದೆ. ವೆನಿಸ್ ನಗರದ ಕಟ್ಟಡಗಳ ಕೆಳಗೆ ಹೂಳಿದ ಕಂಬಗಳಲ್ಲಿ ಲಾರ್ಚ್ ಕೂಡ ಇದೆ. ರಷ್ಯಾದ ಯುರಾಲ್ ಪ್ರದೇಶದಲ್ಲಿ 1890 ರಲ್ಲಿ ಸಿಕ್ಕ ಶಿಗಿರ್ ವಿಗ್ರಹ ಲಾರ್ಚ್ ಮರದ್ದೇ. ಅದರ ವಯಸ್ಸು ಹನ್ನೊಂದು ಸಾವಿರ ವರ್ಷಕ್ಕೂ ಹೆಚ್ಚು. ಜಗತ್ತಿನಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ಮರದ ಶಿಲ್ಪಗಳಲ್ಲಿ ಅದೂ ಒಂದು. ಆದರೆ ವೆನಿಸ್ ಕಂಬ ಇರುವುದು ನೀರಿನ ತಳದ ಕೆಸರಿನಲ್ಲಿ, ವಿಗ್ರಹ ಸಿಕ್ಕಿದ್ದು ಜೌಗು ನೆಲದ ಆಳದಲ್ಲಿ. ಎರಡು ಕಡೆಯೂ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆ ಮರ ಕೊಳೆಸುವ ಶಿಲೀಂಧ್ರ ಬದುಕುವುದಿಲ್ಲ. ಅದೇ ಕಟ್ಟಿಗೆಯನ್ನು ನಿಮ್ಮ ಹೊಲದಲ್ಲಿ ಬೇಲಿಗೂಟವಾಗಿ ಹೂಳಿದರೆ ಸಾವಿರ ವರ್ಷದ ಮಾತು ಉಳಿಯುವುದಿಲ್ಲ. ಗೆದ್ದಲಿಗೆ ಲಾರ್ಚ್ ತಡೆಯುವ ಮರವೂ ಅಲ್ಲ. ಇನ್ನೊಂದು, ಆ ಗಟ್ಟಿತನ ಬರುವುದು ಬೆಟ್ಟದ ಚಳಿಯಲ್ಲಿ ನಿಧಾನವಾಗಿ, ವರ್ಷಕ್ಕೆ ಕೂದಲೆಳೆಯಷ್ಟು ಉಂಗುರ ಕೂಡಿಸುತ್ತಾ ಬೆಳೆದಾಗ.

ಇಷ್ಟಾಗಿಯೂ ಅವನು ತರುವುದು ಲಾರ್ಚ್ ಅಂತ ಏನು ಗ್ಯಾರಂಟಿ? ಚಳಿಗಾಲದಲ್ಲೂ ಹಸಿರಾಗಿ, ಬಿರುಸಾದ ಎಲೆ ಇದ್ದರೆ ದೇವದಾರು. ಉದ್ದ ಎಲೆ ಎರಡೋ ಮೂರೋ ಜೊತೆಯಾಗಿದ್ದರೆ ಪೈನ್. ಜೋಡಿಸಿಟ್ಟ ಸಣ್ಣ ಕೊಳವೆಗಳ ಹಾಗೆ ಗಂಟು ಗಂಟಾಗಿ ಎಳೆದರೆ ಬಿಚ್ಚಿಕೊಂಡು ಬರುವ ಕಡ್ಡಿ ಇದ್ದರೆ ಅದು ಗಾಳಿಮರ, ಸರ್ವೆ. ಸೂಜಿ ಎಲೆಯ ಮರಗಳ ಗುಂಪಿಗೇ ಸೇರಿದ್ದಲ್ಲ. ಒಂದು ಬದುವಿಗೆ ನೂರು ಸಸಿ ಅಂದರೆ 35,000 ರೂಪಾಯಿ. ಒಂದು ಬೇಸಿಗೆಗೆ ಅದು ಹೋಗುತ್ತದೆ.

ಬದುವಿಗೆ ಕಟ್ಟಿಗೆಯ ಮರವೇ ಬೇಕಾದರೆ ನಾನು ಕಮರ ಅನ್ನುತ್ತೇನೆ, ಹಾರ್ಡ್‌ವಿಕಿಯಾ ಬೈನೇಟ. ನಮ್ಮ ಒಣ ಕಾಡಿನದೇ ಮರ. ಕಡ್ಡಿಗಳು ಇಳಿಬಿದ್ದು ನೋಡಲೂ ಚೆಂದ. ಚಿಗುರು ಕೆಂಪಗೆ ಬರುತ್ತದೆ. ಚೇಗು ನಮ್ಮ ದೇಶದ ಅತಿ ಭಾರದ ಕಟ್ಟಿಗೆಗಳಲ್ಲಿ ಒಂದು, ನೀರಿಗೆ ಹಾಕಿದರೆ ಮುಳುಗುತ್ತದೆ. ಎಲೆ ದನಕ್ಕೆ ಮೇವು. ಬೆಳವಣಿಗೆ ನಿಧಾನ, ಮೊದಲ ವರ್ಷಗಳಲ್ಲಿ ಆಡು, ದನದಿಂದ ಕಾಯಬೇಕು. ಹೊಂಗೆ, ಬೇವು ಬೇಗ ಏಳುತ್ತವೆ. ತೊಗರಿ ಹೊಲದ ಬದುವಿಗೆ ಯಾವ ಮರವನ್ನೂ ತೀರಾ ಒತ್ತಾಗಿ ಹಚ್ಚಬೇಡಿ, ನೆರಳಿಗೆ ಎರಡು ಸಾಲು ತೊಗರಿ ಸೊರಗುತ್ತದೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ರಿಯಾಯಿತಿ ದರಕ್ಕೆ ಸಸಿ ಸಿಗುತ್ತವೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಮೂರು ವರ್ಷ ಕಂತಿನಲ್ಲಿ ಹಣ ಕೊಡುವ ಏರ್ಪಾಡಿದೆ. ಮುಂಗಾರಿಗೆ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಹೆಸರು ಬರೆಸಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.

ಸೂಜಿ ಎಲೆಯ ಮರ ಅಂಗಳದಲ್ಲಿ ಇರಲೇಬೇಕು ಅಂತ ಮಗಳಿಗೆ ಆಸೆಯಿದ್ದರೆ ಒಂದು ದಾರಿ ಇದೆ. ಮೆಕ್ಸಿಕೊದ ಮಾಂಟೆಜುಮಾ ಸೈಪ್ರೆಸ್, ಟ್ಯಾಕ್ಸೋಡಿಯಂ ಕುಲದ್ದು. ಲಾರ್ಚ್ ತರಹವೇ ಮೆತ್ತನೆ ಎಲೆ. ಚಳಿ ಊರಲ್ಲಿ ಎಲೆ ಉದುರಿಸುತ್ತದೆ, ಬೆಚ್ಚಗಿನ ಕಡೆ ಬಹುಪಾಲು ಉಳಿಸಿಕೊಳ್ಳುತ್ತದೆ. ಮೆಕ್ಸಿಕೊದ ವಾಹಾಕಾ ಹತ್ತಿರ ಟೂಲೆ ಅನ್ನುವ ಊರಲ್ಲಿ ಈ ಜಾತಿಯ ಒಂದು ಮರ ಇದೆ. ಜಗತ್ತಿನಲ್ಲೇ ಅತಿ ದಪ್ಪ ಕಾಂಡದ ಮರ ಅಂತ ಹೆಸರು, ಸುತ್ತಳತೆ 35 ಮೀಟರ್‌ಗೂ ಹೆಚ್ಚು. ಆ ಊರು ಇರುವುದು 17 ಡಿಗ್ರಿ ಅಕ್ಷಾಂಶದಲ್ಲಿ, ಕಲಬುರಗಿಯೂ 17 ಡಿಗ್ರಿಯಲ್ಲೇ. ಟೂಲೆ 1500 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಸೆಕೆ ನಿಮಗಿಂತ ಕಡಿಮೆ. ಆದರೂ ಲಾರ್ಚ್‌ಗಿಂತ ಎಷ್ಟೋ ಹೆಚ್ಚು ಬಿಸಿ ತಡೆಯುವ ಜಾತಿ ಇದು. ಇದಕ್ಕೆ ನೀರು ಬೇಕು, ಹಳ್ಳ, ಹೊಳೆ ದಂಡೆಯ ಮರ. ನಿಮ್ಮ ಬಾವಿಯ ಹತ್ತಿರ, ಬಚ್ಚಲು ನೀರು ಹರಿಯುವ ಕಡೆ ಜಾಗ ಇದ್ದರೆ ಮಾತ್ರ ಯೋಚಿಸಿ, ಮನೆ ಗೋಡೆಯಿಂದ ಇಪ್ಪತ್ತು ಅಡಿಯಾದರೂ ದೂರ ಇರಲಿ. ದೊಡ್ಡ ನರ್ಸರಿಗಳಲ್ಲಿ ವಿಚಾರಿಸಿ, ಟ್ಯಾಕ್ಸೋಡಿಯಂ ಅಂತ ಹೆಸರು ಬರೆಸಿಕೊಂಡೇ ಕೊಳ್ಳಿ. ವಿದೇಶದಿಂದ ಪಾರ್ಸೆಲ್‌ನಲ್ಲಿ ಬೀಜ ತರಿಸುವ ಯೋಚನೆ ಬೇಡ. 2003 ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಆಮದು ಪರವಾನಗಿ, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು.

ಕೆರೆದು ನೋಡಿದ ಜಾಗದ ಫೋಟೊ ಒಂದನ್ನು, ಹತ್ತಿರದಿಂದ ತೆಗೆದು, ಈ ವಾರದಲ್ಲೇ ಕಳಿಸಿ. ತುದಿಯದು ಒಂದು, ಬುಡದಿಂದ ನಾಲ್ಕು ಬೆರಳು ಮೇಲಿನದು ಒಂದು. ಬುಡದಲ್ಲೂ ಹಸಿರಿಲ್ಲ ಅಂತಾದರೆ ತಮ್ಮನಿಗೆ ಗಿಡ ಹೊರುವ ಕೆಲಸ ಕೊಡುವುದು ಬೇಡ.